ಫ್ಯೂಸ್ ಇದ್ದರೆ ಹ್ಯಾಮ್ ರೇಡಿಯೋ ಆಂಪ್ಲಿಫೈಯರ್ ಸುಡುವುದಿಲ್ಲವೇ?

ಆಂಪ್ಲಿಫೈಯರ್ ಎಂದರೆ ಕೊರಟಗೆರೆ ಕಡೆ ಮೊದಲು ನೆನಪಾಗುವುದು ಜಾತ್ರೆಯ ಮೈಕ್ ಸೆಟ್. ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ ಆಂಪ್ಲಿಫೈಯರ್ ಬೇರೆ. ಅದು ಆಂಟೆನಾಗೆ ಹೋಗುವ ರೇಡಿಯೋ ಶಕ್ತಿಯನ್ನು ಹೆಚ್ಚಿಸುತ್ತದೆ. ಭಾರತದಲ್ಲಿ ಜನರಲ್ ದರ್ಜೆಯ ಪರವಾನಗಿ ಇದ್ದವರು 400 ವ್ಯಾಟ್‌ವರೆಗೂ ಬಳಸಬಹುದು.

"ಒಳ್ಳೆ ಫ್ಯೂಸ್ ಹಾಕಿ, ಸ್ಟೆಬಿಲೈಸರ್ ಇಡಿ, ಏನೂ ಆಗಲ್ಲ" ಎನ್ನುವವರಿದ್ದಾರೆ. ಇದು ಅರ್ಧ ನಿಜ.

ಕರೆಂಟಿನ ಕಾಟ ಇಲ್ಲವೆಂದಲ್ಲ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಿತ್ತುಹೋದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಟಿವಿ, ಫ್ರಿಡ್ಜ್ ಸುಡುವಂತೆ ಇದೂ ಸುಡುತ್ತದೆ. ಹೆಚ್ಚು ವೋಲ್ಟೇಜ್ ಬಂದಾಗ ಲೈನ್ ಕಡಿಯುವ ಕಟಾಫ್ ಇದಕ್ಕೆ ಬೇಕು. ಫ್ಯೂಸ್ ಇರುವುದು ಮುಖ್ಯವಾಗಿ ವೈರ್‌ಗೆ ಬೆಂಕಿ ಹತ್ತದಿರಲಿ ಎಂದು. ಅದು ಕರಗಲು ಮಿಲಿಸೆಕೆಂಡುಗಳು ಬೇಕು. ಟ್ರಾನ್ಸಿಸ್ಟರ್ ಅದಕ್ಕೂ ಎಷ್ಟೋ ಮೊದಲೇ ಸತ್ತಿರುತ್ತದೆ.

ಹ್ಯಾಮ್ ಆಂಪ್ಲಿಫೈಯರ್‌ಗೆ ದೊಡ್ಡ ಅಪಾಯ ಬರುವುದು ಆಂಟೆನಾ ಕಡೆಯಿಂದ. ಮಳೆ ನೀರು ಕನೆಕ್ಟರ್ ಒಳಗೆ ಇಳಿದಿದ್ದರೆ, ಗಾಳಿಗೆ ತಂತಿ ತುಂಡಾಗಿದ್ದರೆ ಕಳಿಸಿದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಇದನ್ನು ಅಳೆಯುವ ಲೆಕ್ಕ ಎಸ್‌ಡಬ್ಲ್ಯೂಆರ್. ಅದು 1 ಇದ್ದರೆ ಏನೂ ಮರಳುವುದಿಲ್ಲ. 3 ಆದರೆ ಕಾಲು ಭಾಗ, ಅಂದರೆ 400 ವ್ಯಾಟ್‌ನಲ್ಲಿ 100 ವ್ಯಾಟ್, ಹಿಂದಿರುಗುತ್ತದೆ. ಆಗ ಟ್ರಾನ್ಸಿಸ್ಟರ್ ಮೇಲೆ ವೋಲ್ಟೇಜ್ ಅಥವಾ ಕರೆಂಟ್ ಮಿತಿ ಮೀರುತ್ತದೆ. ಹಾಗಾಗಿ ವಾಪಸ್ ಬರುವ ಶಕ್ತಿಯನ್ನು ಗಮನಿಸಿ ತಕ್ಷಣ ಆಂಪ್ಲಿಫೈಯರ್ ನಿಲ್ಲಿಸುವ ಸರ್ಕ್ಯೂಟ್ ಇರಬೇಕು. ಖರೀದಿಸುವಾಗ ಎಷ್ಟು ವ್ಯಾಟ್ ಎಂದು ಕೇಳುವವರೇ ಹೆಚ್ಚು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಈ ಸರ್ಕ್ಯೂಟ್ ಬಗ್ಗೆ.

ಇನ್ನೊಂದು, ಅತಿಯಾಗಿ ಉಣಿಸುವುದು. ಕೆಲವು ಆಂಪ್ಲಿಫೈಯರ್‌ಗಳಿಗೆ 30–40 ವ್ಯಾಟ್ ಸಾಕು. ರೇಡಿಯೋವನ್ನು ಅಷ್ಟಕ್ಕೇ ಇಟ್ಟಿದ್ದರೂ, ಕೆಲವು ಸೆಟ್‌ಗಳು ಮಾತು ಶುರುವಾದ ಕ್ಷಣ ಪೂರ್ತಿ 100 ವ್ಯಾಟ್ ಉಗುಳುತ್ತವೆ. ಮೀಟರ್ ಮುಳ್ಳು ಅಲುಗುವಷ್ಟರಲ್ಲಿ ಅದು ಮುಗಿದಿರುತ್ತದೆ. ನಡುವೆ ಶಕ್ತಿ ತಗ್ಗಿಸುವ ಅಟೆನ್ಯುಯೇಟರ್ ಇಟ್ಟರೆ ಈ ಹೊಡೆತ ತಪ್ಪುತ್ತದೆ.

ಹಳೆಯ ವಾಲ್ವ್ ಆಂಪ್ಲಿಫೈಯರ್ ಇಂಥ ಏಟನ್ನು ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ಅದಕ್ಕೆ ಗಾಳಿ ಬೇಕು. ಕೆಲಸ ಮುಗಿದ ಮೇಲೂ ಫ್ಯಾನ್ ಕೆಲವು ನಿಮಿಷ ತಿರುಗಲಿ. ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಮುಚ್ಚಳ ತೆಗೆದು ರಿಪೇರಿಗೆ ಕೈ ಹಾಕಬೇಡಿ.

ಏಪ್ರಿಲ್–ಮೇ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡ ಕಟ್ಟುವ ಮೊದಲೇ ಪ್ಲಗ್ ಕೀಳಿ, ಆಂಟೆನಾ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ. ಗುಡುಗು ಶುರುವಾದ ಮೇಲಾದರೆ ಕೇಬಲ್ ಮುಟ್ಟಲೇಬೇಡಿ.