ಹೆಸರು ಹೇಳದಿದ್ದರೂ ಊರಿಗೆ ಗೊತ್ತಾಗುತ್ತದೆ



ದವಾಖಾನೆಯ ಸಿಸ್ಟರ್‌ಗಳೂ ಮನುಷ್ಯರೇ. ದಿನವಿಡೀ ಪರರ ನೋವು ನೋಡಿ ಮನೆಗೆ ಬಂದ ಮೇಲೆ ಗಂಡನ ಮುಂದೆ, ಗೆಳತಿಯ ಮುಂದೆ ನಾಲ್ಕು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುವುದು ಸಹಜ. “ನಾನೇನು ಹೆಸರು ಹೇಳಿಲ್ಲವಲ್ಲ” ಎಂಬ ಸಮಾಧಾನವೂ ಇರುತ್ತದೆ. ಮುಂಬೈ, ಪುಣೆಯಲ್ಲಿ ಇದು ನಡೆದೀತು. ಆದರೆ ನಮ್ಮ ಕರಜಗಿಯಂಥ ಊರಿನಲ್ಲಿ? “ಕೆಳಗಿನ ಓಣಿಯ ಸೊಸೆ, ಮದುವೆಯಾಗಿ ಆರು ತಿಂಗಳು” ಎಂದರೆ ಸಾಕು, ಹೆಸರನ್ನು ಕೇಳಿದವರೇ ಸೇರಿಸಿಕೊಳ್ಳುತ್ತಾರೆ!

ಇದರಿಂದ ಆಗುವ ಹಾನಿ ಮಾನದ್ದಷ್ಟೇ ಅಲ್ಲ. ಕ್ಷಯರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಸುದ್ದಿ ಹಬ್ಬೀತೆಂದು ಹೆದರಿದವನು ದವಾಖಾನೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಆಗ ರೋಗ ಮನೆಯವರಿಗೂ ಹರಡುತ್ತದೆ. ಒಬ್ಬರ ಗುಟ್ಟು ಉಳಿದರೆ ಊರಿನ ಆರೋಗ್ಯ ಉಳಿಯುತ್ತದೆ.

ನರ್ಸಿಂಗ್ ಕಲಿಯುವವರು ದೀಪ ಹಿಡಿದು ಸ್ವೀಕರಿಸುವ ನೈಟಿಂಗೇಲ್ ಪ್ರತಿಜ್ಞೆ ಮೊದಲು ರಚನೆಯಾದದ್ದು 1893ರಲ್ಲಿ. ರೋಗಿಯ ಖಾಸಗಿ ವಿಷಯದ ಜೊತೆಗೆ ಅವರ ಮನೆತನದ ಸಂಗತಿಯನ್ನೂ ಕಾಪಾಡುವೆನೆಂಬ ಮಾತು ಅದರಲ್ಲಿದೆ. ಎಚ್.ಐ.ವಿ. ಸೋಂಕಿತರ ವಿಷಯವನ್ನು ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 2017ರ ಕಾಯ್ದೆ ಹೇಳುತ್ತದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆಯಲ್ಲಿ 1 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಆದರೆ ದಂಡ ಕಟ್ಟಿದ ಮಾತ್ರಕ್ಕೆ ಆಡಿದ ಮಾತು ಮರಳಿ ಬರುತ್ತದೆಯೇ?

ಗಡಿಭಾಗದ ನಮಗೆ ಇನ್ನೊಂದು ತೊಡಕಿದೆ. ಮಿರಜ, ಸಾಂಗಲಿಯ ದವಾಖಾನೆಗೆ ಹೋದ ನಮ್ಮ ತಾಯಂದಿರಲ್ಲಿ ಅನೇಕರಿಗೆ ಮರಾಠಿ ಬರುವುದಿಲ್ಲ. ಆಗ ಮಗನೋ, ಶಾಲೆಗೆ ಹೋಗುವ ಮಗಳೋ, ಪಕ್ಕದ ಹಾಸಿಗೆಯವರೋ ದುಭಾಷಿಯಾಗುತ್ತಾರೆ. ಮಗನ ಮುಂದೆ ತಾಯಿ ತನ್ನ ಮುಟ್ಟಿನ ತೊಂದರೆ ಹೇಗೆ ಹೇಳಿಯಾಳು? ಕನ್ನಡ ಬಲ್ಲ ಸಿಸ್ಟರ್ ಒಬ್ಬರು ಬದಿಗೆ ಕರೆದು ಕೇಳಿದರೆ ಅರ್ಧ ಭಾರ ಇಳಿದಂತೆ. ಆ ಸಿಸ್ಟರ್ ನಮ್ಮ ಕಡೆಯವರೇ ಆಗಿದ್ದರೆ ಅವರ ಜವಾಬ್ದಾರಿ ಇಮ್ಮಡಿ. ಏಕೆಂದರೆ ಅವರ ಮಾತು ತಲುಪುವುದೂ ಇದೇ ಊರಿಗೆ.

ಹಾಗಾದರೆ ಸಿಸ್ಟರ್ ಬಾಯಿ ಕಟ್ಟಿಕೊಂಡೇ ಇರಬೇಕೇ? ಹಾಗಲ್ಲ. “ಇವತ್ತು ಬಹಳ ದಣಿದೆ, ಮನಸ್ಸಿಗೆ ನೋವಾಯಿತು” ಎನ್ನಬಹುದು. ಅದು ಅವರದೇ ಕಥೆ. ರೋಗಿಯ ಚಿಕಿತ್ಸೆಗೆ ಬೇಕಾದದ್ದನ್ನು ಡಾಕ್ಟರರ ಮುಂದೆ ಹೇಳಲೇಬೇಕು. ಉಳಿದದ್ದು ದವಾಖಾನೆಯಲ್ಲೇ ಉಳಿಯಲಿ.

ಕೇಳುವವರಾದ ನಾವೂ “ಯಾರ ಮನೆಯವರು?” ಎಂದು ಕೆದಕುವುದನ್ನು ಬಿಡಬೇಕು. ಮನೆಯವರಿಗೆ ದುಭಾಷಿಯಾಗಿ ಹೋಗುವ ನಮ್ಮ ವಿದ್ಯಾರ್ಥಿಗಳಿಗೂ ಈ ಪಾಠ ಬೇಕು. ಮೇ 12 ದಾದಿಯರ ದಿನ ರಜೆಯಲ್ಲಿ ಬರುತ್ತದೆ, ನಿಜ. ಶಾಲೆ ತೆರೆದ ಮೊದಲ ವಾರದಲ್ಲೇ ಒಂದು ತಾಸು ಇದಕ್ಕೆ ಕೊಡೋಣವೇ?