ಕೇಜಿನ ಹಗ್ಗ ಮಂತ್ರಕ್ಕೆ ನಿಲ್ಲೋದಿಲ್ಲ

ವಿಮಾನ ಮೊದಲು ಹಾರಿಸಿದವರು ಋಷಿಗಳೇ ಅಂತ ಭಾಷಣ ಬಿಗಿಯುವವರು ನಮ್ಮ ಕೋಲಾರದ ಹೆಸರನ್ನೂ ಎಳೆದು ತರುತ್ತಾರೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳಿಗೆ ಕೋಲಾರ ಸೀಮೆಯಲ್ಲಿ ಒಬ್ಬ ಸಾಧು ಸಿಕ್ಕಿ ವಿದ್ಯೆ ಕೊಟ್ಟನಂತೆ. ಶಾಸ್ತ್ರಿಗಳು ಬಾಯಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ಕ್ಕೆ ಭರದ್ವಾಜ ಮಹರ್ಷಿಯ ಹೆಸರು. 1923ರಲ್ಲಿ ನಕ್ಷೆ ಬರೆದವನು ಬೆಂಗಳೂರಿನ ಡ್ರಾಫ್ಟ್ಸ್‌ಮನ್ ಎಲ್ಲಪ್ಪ. ಕೈ ಎಲ್ಲಪ್ಪನದು, ಕೀರ್ತಿ ಋಷಿಯದು! ವಿಮಾನ ನಡೆಸುವವನಿಗೆ 32 ರಹಸ್ಯ ಗೊತ್ತಿರಬೇಕಂತೆ, ಅದನ್ನು ಗುರುವಿನಿಂದಲೇ ಕಲಿಯಬೇಕಂತೆ. ಗುರು ಯಾರಿಗೆ ಕಲಿಸಿಯಾನು? ಏಕಲವ್ಯನಿಗೆ?

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಲೆಕ್ಕ ಹಾಕಿ ಹೇಳಿದರು: ಈ ಗ್ರಂಥ 1904ಕ್ಕಿಂತ ಹಳೆಯದಲ್ಲ, ಇದರ ಒಂದು ವಿಮಾನವೂ ಹಾರುವುದಿಲ್ಲ. ಆದರೂ 2015ರಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಪ್ರಾಚೀನ ವಿಮಾನದ ಪ್ರಬಂಧ ಮಂಡಿಸಿದರು.

ಈಗ ಫ್ರಾನ್ಸಿನ ಹವ್ಯಾಸಿ ಆನ್ರಿ ಮಿನ್ಯೆಯನ್ನು ನೋಡಿ. 1933ರಲ್ಲಿ ಅವನು ಹಾರಿಸಿದ ಪುಟ್ಟ ವಿಮಾನದ ಹೆಸರು ‘ಆಕಾಶದ ಹೇನು’. ಕಾಲಿಗೆ ಪೆಡಲ್ ಇಲ್ಲ. ಕೋಲು ಹಿಂದಕ್ಕೆಳೆದರೆ ಮುಂದಿನ ರೆಕ್ಕೆಯೇ ಓರೆಯಾಗಿ ಮೂಗು ಮೇಲೇಳುತ್ತೆ. ಪಕ್ಕಕ್ಕೆ ತಳ್ಳಿದರೆ ಬಾಲದ ಚುಕ್ಕಾಣಿ ತಿರುಗುತ್ತೆ. ಗುಟ್ಟು ಮಾಡಲಿಲ್ಲ, ಯಾರು ಬೇಕಾದರೂ ಕಟ್ಟಲಿ ಅಂತ ಪುಸ್ತಕ ಬರೆದ. ಕಟ್ಟಿದರು, ಹಾರಿದರು, ಕೆಲವರು ಬಿದ್ದು ಸತ್ತರು. ಇಂಗ್ಲೆಂಡ್, ಫ್ರಾನ್ಸಿನಲ್ಲಿ ಇಡೀ ವಿಮಾನವನ್ನೇ ಗಾಳಿಸುರಂಗದಲ್ಲಿಟ್ಟು ನೋಡಿದರು: ಮೂಗು ಮಿತಿಮೀರಿ ಕೆಳಗಾದರೆ ಕೋಲೆಳೆದರೂ ಏಳದು. ಹಾರಾಟ ನಿಂತಿತು, ವಿನ್ಯಾಸ ತಿದ್ದಿದರು. ಮಿನ್ಯೆಯದು ತಪ್ಪೇ, ಆದರೆ ಪರೀಕ್ಷೆ ಮಾಡಿ ಹಿಡಿಯಬಹುದಾದ ತಪ್ಪು. ವಿದ್ಯೆ ಅಂದರೆ ಅದು.

ಕೆಜಿಎಫ್ ಕಾರ್ಮಿಕನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ ಗಣಿಗೆ ಇಳಿದವರಲ್ಲಿ ಬಹುಪಾಲು ದಲಿತರು. ಅವರ ಜೀವ ತೂಗುತ್ತಿದ್ದದ್ದು ಕೇಜಿನ ಉಕ್ಕಿನ ಹಗ್ಗದಲ್ಲಿ. ಆ ಹಗ್ಗ ಮಂತ್ರಕ್ಕೆ ನಿಲ್ಲೋದಿಲ್ಲ, ಪರೀಕ್ಷೆಗೆ ನಿಲ್ಲುತ್ತೆ. ಬಂಡೆಯ ಸದ್ದಿನಲ್ಲೇ ಅಪಾಯ ಗುರುತಿಸುತ್ತಿದ್ದ ಆ ಜನರ ವಿದ್ಯೆಗೆ ಯಾವ ಋಷಿಯ ಹೆಸರಿದೆ? ಯಾವ ಕಾಂಗ್ರೆಸ್ಸಿನ ವೇದಿಕೆಯಿದೆ? 2001ರಲ್ಲಿ ಗಣಿ ಮುಚ್ಚಿದರು. ಅವರ ಮಕ್ಕಳು ಬಂಗಾರಪೇಟೆ ಮೇಲೆ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ.

ಮೇಷ್ಟ್ರೇ, ಪುಷ್ಪಕ ವಿಮಾನದ ಭಜನೆ ಸಾಕು. ಮಕ್ಕಳ ಕೈಗೆ ಕಾಗದ ಕೊಡಿ. ವಿಮಾನ ಮಡಚಲಿ, ಹಾರಿಸಲಿ, ಅದು ಬೀಳಲಿ. ಬಾಲದ ಅಂಚನ್ನು ಚೂರು ಮೇಲಕ್ಕೆ ಮಡಚಿ ಮತ್ತೆ ಹಾರಿಸಲಿ. ಇದು ಯಾಕೆ ಬಿತ್ತು ಅಂತ ಇವತ್ತು ಕೇಳುವ ಮಗು, ನಮ್ಮ ಕೇರಿಗೆ ಯಾಕೆ ನೀರಿಲ್ಲ ಅಂತ ನಾಳೆ ಕೇಳುತ್ತೆ. ಅವರಿಗೆ ಭಯ ಇರೋದು ಆ ಪ್ರಶ್ನೆಯದು.