ಬಡತನಕ್ಕೆ ಪ್ರಮಾಣಪತ್ರವೆಲ್ಲಿ?

"ಅನರ್ಹರೆಲ್ಲ ಬಡವರ ಚೀಟಿ ಪಡೆದಿದ್ದಾರೆ, ಮೊದಲು ಅವರನ್ನು ಹೊರಗಟ್ಟಬೇಕು" ಎಂಬ ಮಾತು ನಮ್ಮ ಅಂಗಡಿಗಳಲ್ಲಿಯೂ ಸಭೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತದೆ. ಜೀವಮಾನವೆಲ್ಲ ಕಿರ್ದಿ-ಖಾತೆಗಳನ್ನು ಬರೆದ ವ್ಯಾಪಾರಿಯಾಗಿ ನಾನು ಇದನ್ನು ಒಪ್ಪಲಾರೆ. ತಪಾಸಣೆಗೆ ಮೊದಲು ಲೆಕ್ಕವಿರಬೇಕು. ಲೆಕ್ಕವೇ ಇಲ್ಲದವನ ಆದಾಯವನ್ನು ತಪಾಸಿಸುವುದೆಂತು?

ಅರ್ಜುನ್ ಸೇನ್‌ಗುಪ್ತಾ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು 2007ರಲ್ಲಿ ನೀಡಿದ ವರದಿಯಂತೆ, ಈ ದೇಶದಲ್ಲಿ ದುಡಿಯುವವರ ಪೈಕಿ ಸುಮಾರು ಶೇ. 92ರಷ್ಟು ಮಂದಿ ಅಸಂಘಟಿತರು. ಹಮಾಲನಿಗೆ, ಗಾರೆಯವನಿಗೆ, ಮನೆಗೆಲಸದವಳಿಗೆ ಸಂಬಳದ ಚೀಟಿಯಿಲ್ಲ. ಇಂದು ಕೂಲಿಯುಂಟು, ನಾಳೆ ಇಲ್ಲ. ಇಂಥವರ ಆದಾಯ ಪ್ರಮಾಣಪತ್ರದಲ್ಲಿರುವ ಅಂಕಿ ಕೇವಲ ಊಹೆ. ಆ ಊಹೆಯ ಮೇಲೆ ಒಂದು ಕುಟುಂಬದ ಅನ್ನ ನಿಂತಿದೆ.

1997ರಲ್ಲಿ ಕೇಂದ್ರ ಸರ್ಕಾರವು ಪಡಿತರವನ್ನು ಬಡತನದ ರೇಖೆಗೆ ಕಟ್ಟಿತು. ತಮಿಳುನಾಡು ಈ ವಿಭಜನೆಯನ್ನು ಸ್ವೀಕರಿಸದೆ ಎಲ್ಲರಿಗೂ ಪಡಿತರ ನೀಡುವ ಪದ್ಧತಿಯನ್ನೇ ಉಳಿಸಿಕೊಂಡಿತು. 2008ರ ಕಾಯಿದೆಯು ಅಸಂಘಟಿತ ಕಾರ್ಮಿಕರ ನೋಂದಣಿಗೆ ಅವಕಾಶ ಕಲ್ಪಿಸಿತಾದರೂ, ರಾಷ್ಟ್ರಮಟ್ಟದ 'ಇ-ಶ್ರಮ್' ದಾಖಲೆ ಆರಂಭವಾದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲೇ, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ, ಅಸಂಖ್ಯ ವಲಸೆ ಕಾರ್ಮಿಕರ ಪಡಿತರ ಚೀಟಿ ಊರಿನಲ್ಲಿತ್ತು, ಹಸಿವು ಪಟ್ಟಣದಲ್ಲಿತ್ತು. ಅವರು ನೂರಾರು ಮೈಲಿ ನಡೆದರು.

2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಪಿಂಚಣಿಯನ್ನು ನೋಡಿರಿ. 60 ವರ್ಷದ ನಂತರ ತಿಂಗಳಿಗೆ 3,000 ರೂಪಾಯಿ ಪಡೆಯಲು, ಸೇರುವಾಗಿನ ವಯಸ್ಸಿಗನುಗುಣವಾಗಿ 55ರಿಂದ 200 ರೂಪಾಯಿಗಳನ್ನು ಪ್ರತಿ ತಿಂಗಳೂ ಕಟ್ಟಬೇಕೆಂಬುದು ಅದರ ನಿಯಮ. ಸರ್ಕಾರವೂ ಸಮಪಾಲು ಕೊಡುತ್ತದೆ ಎಂಬುದು ನಿಜ. ಆದರೆ ದಿನಗೂಲಿಯವನಿಗೆ ತಿಂಗಳ ಕಂತನ್ನು ವಿಧಿಸುವುದು ಸಂಬಳದಾರನ ಅಂಗಿಯನ್ನು ಕೂಲಿಯವನಿಗೆ ತೊಡಿಸಿದಂತೆ.

ಹಾಗಾದರೆ ದಾರಿ ಯಾವುದು? ಬಡವನಿಗೆ ಲೆಕ್ಕವಿಲ್ಲ, ಉಳ್ಳವನಿಗೆ ಇದೆ. ಆದ್ದರಿಂದ ಜರಡಿಯನ್ನು ಮೇಲಿನಿಂದ ಹಿಡಿಯಬೇಕು. ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯು 2023ರಲ್ಲಿ ಈ ಕ್ರಮವನ್ನೇ ಅನುಸರಿಸಿತು: ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ದಾಖಲಾದವಳಿಗೆ 2,000 ರೂಪಾಯಿ, ಆದಾಯ ತೆರಿಗೆ ಅಥವಾ ಜಿ.ಎಸ್.ಟಿ. ವ್ಯಾಪ್ತಿಯವರು ಹೊರಗೆ. ಆ ಯೋಜನೆಯ ಬೇರೆ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಬಡವಳಿಂದ ಬಡತನದ ರುಜುವಾತು ಕೇಳದೆ, ನಮ್ಮಂಥವರ ದಾಖಲೆಯನ್ನೇ ಅಳತೆಗೋಲಾಗಿಸಿದ್ದು ಸರಿಯಾದ ಹೆಜ್ಜೆ.

"ಆದರೂ ಕೆಲವು ಸ್ಥಿತಿವಂತರು ನುಸುಳುವರಲ್ಲ?" ಎನ್ನುವಿರಿ. ನುಸುಳುವರು. ಉಳ್ಳವನಿಗೆ ತಪ್ಪಿ ಸಂದ ಹಣವನ್ನು ತೆರಿಗೆಯಿಂದ ಹಿಂಪಡೆಯಬಹುದು. ಹಸಿದವನಿಗೆ ತಪ್ಪಿಹೋದ ಊಟವನ್ನು ಮರಳಿ ಕೊಡಲಾಗದು. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಅನ್ನಪಾನನಿರೋಧವನ್ನು ಅಹಿಂಸಾಣುವ್ರತದ ಅತಿಚಾರವೆಂದು ಎಣಿಸಿದ ಪರಂಪರೆಯವರಿಗೆ ಇದನ್ನು ವಿವರಿಸಬೇಕೆ?

ಕೊನೆಗೆ ನಮ್ಮ ಮನೆಯ ಮಾತು. ನಮ್ಮ ಖಾತೆಪುಸ್ತಕದಲ್ಲಿ 'ಹಮಾಲಿ ಖರ್ಚು' ಎಂಬ ಬಾಬತ್ತು ಇದೆ, ಹಮಾಲನ ಹೆಸರಿಲ್ಲ. 1996ರ ಕಾಯಿದೆಯು ಕಟ್ಟಡ ಕಾರ್ಮಿಕನ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನಗಳ ದುಡಿಮೆಯನ್ನು ನಿಗದಿಪಡಿಸಿತು. ಬಸದಿಗಳ ಜೀರ್ಣೋದ್ಧಾರ ಮಾಡಿಸಿದ, ಸಮುದಾಯ ಭವನಗಳನ್ನು ಕಟ್ಟಿಸಿದ ನಮ್ಮ ಟ್ರಸ್ಟುಗಳಲ್ಲಿ ಎಷ್ಟು ಟ್ರಸ್ಟುಗಳು ಕಲ್ಲು ಹೊತ್ತವನಿಗೆ ಆ ದಿನಗಳನ್ನು ಬರೆದುಕೊಟ್ಟವು? ದಾನಿಗಳ ಹೆಸರುಗಳನ್ನು ಶಿಲೆಯಲ್ಲಿ ಕೆತ್ತಿಸಿದೆವು. ದುಡಿದವನ ಹೆಸರನ್ನು ಕಾಗದದಲ್ಲಿಯೂ ಬರೆಯಲಿಲ್ಲ. ಅವನನ್ನು ಲೆಕ್ಕದಿಂದ ಹೊರಗಿಟ್ಟವರು ನಾವೇ; ಈಗ ಲೆಕ್ಕ ತೋರಿಸೆಂದು ಕೇಳುವವರೂ ನಾವೇ.

ಮುಂದಿನ ಕಾಮಗಾರಿಗೆ ಮೊದಲು ಪ್ರತಿಯೊಂದು ಟ್ರಸ್ಟೂ ಒಂದು ಹಾಜರಿ ಪುಸ್ತಕ ತೆರೆಯಲಿ. ಅನರ್ಹರ ವಿಚಾರವನ್ನು ಆಮೇಲೆ ಮಾತಾಡೋಣ.